ಅತ್ತಿಗೆಯ ಜೌಗುತೊಟ್ಟಿ

ನಮ್ಮ ಅತ್ತಿಗೆ ಸೋಪನ್ನೂ ತೊಳೆದಿಡುವ ಹೆಂಗಸು. ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ, ಕಣ್ಣಾರೆ ನೋಡಿದ್ದೇನೆ. ಕೈ ತೊಳೆದ ಮೇಲೆ ಸೋಪಿನ ಬಿಲ್ಲೆಯನ್ನು ನಲ್ಲಿಯ ಕೆಳಗೆ ಹಿಡಿದು, ಮೇಲಿನ ನೊರೆಯನ್ನೆಲ್ಲ ಹೋಗಿಸಿ, ಒರೆಸಿ, ಆಮೇಲೆ ಡಬ್ಬಿಯಲ್ಲಿಡುತ್ತಾಳೆ. ಡಬ್ಬಿಯನ್ನು ಅದಕ್ಕೂ ಮುಂಚೆ ತೊಳೆದಿರುತ್ತಾಳೆ. ಕರೆಗಂಟೆಯ ಗುಂಡಿ, ಕೊಡೆಯ ಹಿಡಿ, ನನ್ನ ಚಪ್ಪಲಿಯ ಅಟ್ಟೆ, ಯಾವುದೂ ಅವಳ ಕೈಯಿಂದ ಪಾರಾಗಿಲ್ಲ. ಒಮ್ಮೆ ನಾನು ಜ್ವರ ಬಂದು ಮಲಗಿದ್ದಾಗ ಥರ್ಮಾಮೀಟರನ್ನು ಎಷ್ಟು ಸಲ ಉಜ್ಜಿದಳೆಂದರೆ ಅದರ ಮೇಲಿನ ಅಂಕಿಗಳೇ ಅಳಿಸಿಹೋದವು.

"ಈಗ ನಂಗೆಷ್ಟು ಜ್ವರ ಅಂತ ಯಾರನ್ನ ಕೇಳ್ಲಿ?" ಅಂದೆ.

"ಬಾಯಿ ಇಷ್ಟು ಜೋರಾಗಿದೆ ಅಂದ್ರೆ ಜ್ವರ ಬಿಟ್ಟಿದೆ ಅಂತ್ಲೇ ಅರ್ಥ," ಅಂದಳು.

ನನ್ನ ಬಾಯಿ ಜೋರು ಅನ್ನುವುದನ್ನು ಒಪ್ಪುತ್ತೇನೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಬೇಕರಿಯ ಗಲ್ಲಾದಲ್ಲಿ ಕೂತು ಜನರ ಜೊತೆ ಕೂಗಾಡುವವಳಿಗೆ ಮೆತ್ತಗೆ ಮಾತಾಡು ಅಂದರೆ ಎಲ್ಲಿಂದ ಬರಬೇಕು? ನಾನಿರುವುದು ಅಣ್ಣನ ಮನೆಯ ಮಹಡಿ ಕೋಣೆಯಲ್ಲಿ. ಅತ್ತಿಗೆ ನಾದಿನಿಯರ ಜಗಳ ಕೇಳಿಸದ ದಿನ ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಅಂತ ಅಣ್ಣ ಹೇಳುತ್ತಾನೆ. ಹಾಗಂತ ಬೇರೆ ಯಾರಾದರೂ ಅತ್ತಿಗೆಯ ಬಗ್ಗೆ ಒಂದು ಮಾತಾಡಲಿ, ನಾನು ಸುಮ್ಮನೆ ಬಿಡುವವಳಲ್ಲ. ಅವಳನ್ನು ಬೈಯುವ ಹಕ್ಕು ನನ್ನೊಬ್ಬಳದು.

ಅವಳು ಹೀಗಾದದ್ದು ಕೆಲಸದಿಂದ. ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ ಎರಡು ಕಿಟಕಿಗಳಿರುವ ಒಂದು ಕೋಣೆ ಇದೆ. ಆಪರೇಷನ್ನಿಗೆ ಬಳಸಿದ ಕತ್ತರಿ, ಇಕ್ಕಳ, ಬಟ್ಟಲುಗಳೆಲ್ಲ ಒಂದು ಕಿಟಕಿಯಿಂದ ರಕ್ತ ಮೆತ್ತಿಕೊಂಡು ಒಳಗೆ ಬರುತ್ತವೆ. ಇನ್ನೊಂದು ಕಿಟಕಿಯಿಂದ ಹೊರಗೆ ಹೋಗುವಾಗ ಬಟ್ಟೆ ಸುತ್ತಿ ಅಂಟುಪಟ್ಟಿ ಹಚ್ಚಿದ ಗಂಟುಗಳಾಗಿರುತ್ತವೆ. ಆ ಎರಡು ಕಿಟಕಿಗಳ ನಡುವೆ ಅತ್ತಿಗೆ ಮದುವೆಗೆ ಮುಂಚಿನಿಂದ ನಿವೃತ್ತಿಯವರೆಗೂ ನಿಂತಿದ್ದಳು. ಉಜ್ಜುವುದು, ಆವಿಯ ಪೆಟ್ಟಿಗೆಯಲ್ಲಿಟ್ಟು ಬೇಯಿಸುವುದು, ಅಂಟುಪಟ್ಟಿಯ ಗೆರೆ ಕಪ್ಪಾಯಿತೇ ಅಂತ ನೋಡುವುದು. ಗೆರೆ ಕಪ್ಪಾದರೆ ಗಂಟಿನೊಳಗೆ ಜೀವವಿರುವುದು ಏನೂ ಉಳಿದಿಲ್ಲ ಅಂತ ಲೆಕ್ಕ. ಹಾಗಾಗಿ ಅವಳ ಪಾಲಿಗೆ ಚೊಕ್ಕಟ ಅಂದರೆ ಏನೂ ಬದುಕಿರಬಾರದು. ಅಂಥವಳ ಹಿತ್ತಲಲ್ಲಿ ನಮ್ಮಣ್ಣ ಕೊಳ ತೋಡಿದ.

ಅಣ್ಣ ಅಂಗಡಿಗಳಿಗೆ ಬೋರ್ಡು ಬರೆಯುವವನು. ಏಣಿ ಹತ್ತಿ, ಸುಣ್ಣದಪುಡಿ ಹಚ್ಚಿದ ದಾರವನ್ನು ಗೋಡೆಗೆ ಮೀಟಿ ಗೆರೆ ಎಳೆದು, ಒಂದೊಂದೇ ಅಕ್ಷರವನ್ನು ತಿದ್ದಿ ನಿಲ್ಲಿಸುತ್ತಿದ್ದ. ನಮ್ಮ ಬೇಕರಿಯ ಬೋರ್ಡೂ ಅವನದೇ. ಯಂತ್ರದಲ್ಲಿ ಮುದ್ರಿಸಿದ ಬೋರ್ಡುಗಳು ಬಂದು ಕೆಲಸ ಕಡಿಮೆಯಾದ ಮೇಲೆ, ಕೈ ಸುಮ್ಮನಿರದೆ, ಹಿತ್ತಲಲ್ಲಿ ಎರಡು ಮಂಚದಗಲದ ಗುಂಡಿ ತೋಡಿ, ರಬ್ಬರು ಹಾಳೆ ಹಾಸಿ, ನೀರು ತುಂಬಿ, ಮೀನು ತಂದು ಬಿಟ್ಟ. ಅವುಗಳಲ್ಲಿ ಒಂದು ಹೆಣ್ಣು ಮೀನು ಬೆಳೆದೂ ಬೆಳೆದೂ ಮೊಳಕೈಯುದ್ದ ಆಯಿತು. ಮೈಯೆಲ್ಲ ಕಿತ್ತಳೆ ಬಣ್ಣ. ಕಿತ್ತಳೆ ಅಂದರೆ ಅಣ್ಣನಿಗೆ ಸಿಟ್ಟು ಬರುತ್ತಿತ್ತು. "ಕಿತ್ತಳೆ ಅಲ್ಲ ಕಣೇ, ಕಿತ್ತಳೆಗೆ ಒಂದು ತೊಟ್ಟು ಕೆಂಪು ಬಿದ್ದಿದೆ, ನೋಡೋಕೆ ಬರಲ್ವಾ?" ಅನ್ನುತ್ತಿದ್ದ. ಅದಕ್ಕೆ ಯಜಮಾನಿ ಅಂತ ಹೆಸರಿಟ್ಟ. "ಮನೇಲಿ ಇಬ್ರು ಯಜಮಾನೀರು. ಒಬ್ಳು ನೀರಿಂದ ಹೊರಗೆ ಬರಲ್ಲ, ಇನ್ನೊಬ್ಳು ನೀರಿಂದ ಕೈ ತೆಗೆಯಲ್ಲ," ಅಂತ ಬಂದವರಿಗೆಲ್ಲ ಹೇಳಿ ನಗುತ್ತಿದ್ದ.

ಅತ್ತಿಗೆ ಆ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಮೀನು ಅದೇ ನೀರಲ್ಲಿ ತಿಂದು ಅದೇ ನೀರಲ್ಲಿ ಮಿಕ್ಕದ್ದನ್ನೂ ಮಾಡುತ್ತದೆ ಅನ್ನುವುದೇ ಅವಳಿಗೆ ಸಹಿಸದ ವಿಷಯ. ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದರೂ ಕೊಳದ ಪಕ್ಕ ಹಾಯದೆ ಗೋಡೆಗೆ ಒತ್ತಿಕೊಂಡು ಹೋಗುತ್ತಿದ್ದಳು.

ಹೀಗಿರುವಾಗ ಅಣ್ಣನ ಕಣ್ಣು ಕೆಟ್ಟಿತು. ಮೊದಲು ಅಕ್ಷರದ ಗೆರೆ ಸೊಟ್ಟಗಾಯಿತು, ಆಮೇಲೆ ನಮ್ಮ ಮುಖದ ನಡುಮಧ್ಯೆ ಯಾರೋ ಹೆಬ್ಬೆರಳಿಂದ ಒರೆಸಿದ ಹಾಗೆ ಮಸುಕು. ಕಣ್ಣಿನ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟರು. "ನಡು ನೋಟ ನಿಧಾನವಾಗಿ ಹೋಗುತ್ತೆ. ಔಷಧಿ ಅದನ್ನ ತಡೆದು ನಿಲ್ಲಿಸಬಹುದು ಅಷ್ಟೇ, ಹೋದದ್ದನ್ನ ವಾಪಸ್ ತರಲ್ಲ. ಎಷ್ಟು ದಿನ ನಿಲ್ಲುತ್ತೆ ಅಂತ ನಾನು ಹೇಳಲಾರೆ." ಅಣ್ಣ ಬಣ್ಣದ ಡಬ್ಬಿಗಳ ಮುಚ್ಚಳ ಬಿಗಿದು ಶೆಲ್ಫಿನ ಮೇಲಿಟ್ಟ. ಗೋಳಾಡಲಿಲ್ಲ, ಯಾರ ಮೇಲೂ ರೇಗಲಿಲ್ಲ. ಕೋಳಿಯ ಹಾಗೆ ತಲೆ ವಾರೆ ಮಾಡಿ ಕಣ್ಣಂಚಿನಿಂದ ನೋಡುವುದನ್ನು ರೂಢಿ ಮಾಡಿಕೊಂಡ.

ಹಾಗೆ ವಾರೆಯಾಗಿ ನೋಡಿದರೆ ನಮ್ಮ ಮುಖಗಳಿಗಿಂತ ಚೆನ್ನಾಗಿ ಅವನಿಗೆ ಕಾಣುತ್ತಿದ್ದದ್ದು ಆ ಮೀನು. ಗಾಢವಾದ ಬಣ್ಣ, ಮೇಲಾಗಿ ಸುಳಿದಾಡುವ ವಸ್ತು. ಬೆಳಿಗ್ಗೆ ಎದ್ದವನೇ ಬರಿಗಾಲಲ್ಲಿ ಹಿತ್ತಲಿಗೆ ಹೋಗಿ ಕೊಳದ ಅಂಚಲ್ಲಿ ನಿಲ್ಲುತ್ತಿದ್ದ. ಯಜಮಾನಿ ಕಂಡರೆ ಕಣ್ಣು ನಿನ್ನೆ ಇದ್ದಷ್ಟೇ ಇದೆ ಅಂತ ಅವನ ಲೆಕ್ಕ. ಒಳಗೆ ಬಂದು "ಕಂಡ್ಳು" ಅನ್ನುತ್ತಿದ್ದ. ಅತ್ತಿಗೆ ಒಲೆಯ ಮುಂದೆ ಬೆನ್ನು ತಿರುಗಿಸಿ ನಿಂತವಳು "ಕಾಲು ತೊಳ್ಕೊಂಡು ಬನ್ನಿ" ಅನ್ನುತ್ತಿದ್ದಳು. ಆದರೆ ಅವನು ಆ ಮಾತು ಹೇಳುವವರೆಗೂ ಅವಳು ಚಹಾ ಸೋಸುತ್ತಿರಲಿಲ್ಲ. ಅದನ್ನು ನಾನು ಬಹಳ ದಿನ ಗಮನಿಸಿ ತಿಳಿದುಕೊಂಡೆ.

ಆ ಬೇಸಿಗೆ ಬಿಸಿಲಿಗೆ ಕೊಳ ಹಸಿರಾಯಿತು. ಸ್ವಲ್ಪ ಸ್ವಲ್ಪವಾಗಿ ಅಲ್ಲ, ಒಂದು ವಾರ ಕಳೆಯುವುದರೊಳಗೆ ಬಟಾಣಿ ಅರೆದು ಕಲಸಿದ ಹಾಗೆ. ಕೈ ಮುಳುಗಿಸಿದರೆ ಬೆರಳು ಕಾಣದು. ಅಣ್ಣ ಅಂಚಲ್ಲಿ ನಿಂತು ತಲೆ ಎಡಕ್ಕೆ ವಾಲಿಸಿದ, ಬಲಕ್ಕೆ ವಾಲಿಸಿದ. ಒಳಗೆ ಬಂದು ಕುರ್ಚಿಯಲ್ಲಿ ಕೂತ.

"ಕಂಡ್ಳಾ?" ಅಂದೆ ನಾನು.

"ನೀರು ಕೆಟ್ಟಿದೆ ಅನ್ಸುತ್ತೆ. ಆದ್ರೆ ಎಷ್ಟು ನೀರು ಕೆಟ್ಟಿದೆ, ಎಷ್ಟು ನನ್ನ ಕಣ್ಣು ಕೆಟ್ಟಿದೆ ಅಂತ ಗೊತ್ತಾಗ್ತಿಲ್ಲ ಕಣೇ," ಅಂದ. ನಗುತ್ತಲೇ ಅಂದ. 

ಅತ್ತಿಗೆ ಚಹಾ ಕೊಟ್ಟಳು, ಸೆರಗು ಬಿಗಿದಳು, ಬಚ್ಚಲಿಗೆ ಹೋಗಿ ಬ್ಲೀಚಿನ ದೊಡ್ಡ ಸೀಸೆ ಎತ್ತಿಕೊಂಡು ಹಿತ್ತಲಿಗೆ ಹೊರಟಳು. ನಾನು ಹಿಂದೆಯೇ ಓಡಿದೆ.

"ಅಯ್ಯೋ ಪುಣ್ಯಾತ್ಗಿತ್ತಿ! ಮೀನೆಲ್ಲ ಸಾಯ್ತವೆ!"

"ನೀರು ತಿಳಿಯಾಗುತ್ತಲ್ಲ."

"ತಿಳಿನೀರಲ್ಲಿ ಸತ್ತ ಮೀನು ತೋರಿಸ್ತೀಯಾ ಅವ್ನಿಗೆ?"

ಸೀಸೆ ಕೆಳಗಿಟ್ಟಳು.  "ಅವರ ಕಣ್ಣಿಗೆ ನಾನೇನೂ ಮಾಡಕ್ಕಾಗಲ್ಲ. ನೀರಿಗಾದ್ರೂ ಮಾಡ್ಬಹುದಲ್ಲ. ಏನ್ ಮಾಡ್ಬೇಕು ಹೇಳು," ಅಂದಳು. ಅವಳು ನನ್ನನ್ನು ಒಂದು ಮಾತು ಕೇಳಿ ಮಾಡಿದ್ದು ಅದೇ ಮೊದಲು. ನಾನು ಚಪ್ಪಲಿ ಮೆಟ್ಟಿ ಅವಳನ್ನು ಸಾಕುಮೀನಿನ ಅಂಗಡಿಗೆ ಕರೆದುಕೊಂಡು ಹೋದೆ.

ಅಂಗಡಿಯವನಿಗೆ ದಪ್ಪ ಮೀಸೆ, ಬೀದಿಯವರೆಲ್ಲ ಅವನನ್ನು ಮೀಸೆ ಅಂತಲೇ ಕರೆಯುವುದು. ಗಾಜಿನ ತೊಟ್ಟಿಗಳ ಗುಳುಗುಳು ಸದ್ದಿನ ನಡುವೆ ಕೂತಿದ್ದ ಅವನಿಗೆ ಯಾರಾದರೂ ಪ್ರಶ್ನೆ ಕೇಳಿದರೆ ಸಾಕು, ಅಳಿಯ ಮನೆಗೆ ಬಂದಷ್ಟು ಸಂತೋಷ. "ಔಷಧಿ ಗಿಷಧಿ ಬೇಡಮ್ಮ. ಕೊಳದ ಪಕ್ಕ ಅದಕ್ಕಿಂತ ಎತ್ತರಕ್ಕೆ ಒಂದು ಜೌಗುತೊಟ್ಟಿ ಕಟ್ಟಿ," ಅಂದ. ಕೈಯಾಡಿಸಿ ವಿವರಿಸಿದ. ತೊಟ್ಟಿಯ ತಳದಲ್ಲಿ ತೂತು ಕೊರೆದ ಕೊಳವೆ, ಅದರ ಮೇಲೆ ದಪ್ಪ ಕಲ್ಲು, ಕಲ್ಲಿನ ಮೇಲೆ ಸಣ್ಣ ಜಲ್ಲಿ, ಜಲ್ಲಿಯಲ್ಲಿ ಗಿಡಗಳು. ಮಣ್ಣು ಒಂದು ಚಿಟಿಕೆಯೂ ಇರಬಾರದು. ಕೊಳದ ನೀರನ್ನು ಪಂಪು ಆ ಕೊಳವೆಗೆ ನೂಕುತ್ತದೆ. ನೀರು ಜಲ್ಲಿಯ ಸಂದಿಯಲ್ಲಿ ಮೆಲ್ಲಗೆ ಮೇಲಕ್ಕೆ ಹತ್ತಿ, ತುಂಬಿ, ಮುಂದಿನ ಅಂಚಿನಿಂದ ಮತ್ತೆ ಕೊಳಕ್ಕೆ ಬೀಳುತ್ತದೆ.

"ಸೋಸೋದು ಯಾವ್ದು? ಬಟ್ಟೆ ಇಲ್ಲ, ಜರಡಿ ಇಲ್ಲ," ಅಂತ ಅತ್ತಿಗೆ ಕೇಳಿದಳು.

"ನೀರಲ್ಲಿರೋ ಕೊಳೆನ ಗಿಡದ ಬೇರು ಹೀರುತ್ತೆ. ಆಮೇಲೆ ಜಲ್ಲಿ ಮೇಲೆ ಕಂದು ಬಣ್ಣಕ್ಕೆ ಒಂದು ಲೋಳೆ ಕಟ್ಟುತ್ತೆ ನೋಡಿ, ಅದು..."

"ಸಾಕು!" ಅತ್ತಿಗೆ ಮೂಗಿಗೆ ಸೆರಗು ಹಿಡಿದಳು. "ಲೋಳೆ ವಿಷಯ ಬೇಡ. ಗಿಡ ಯಾವ್ಯಾವ್ದು ಹೇಳಿ."

ಮೀಸೆಯ ಮಾತನ್ನು ಅವಳು ಅಲ್ಲಿಗೇ ಕತ್ತರಿಸಿದಳು. ನಾನೂ ಮುಂದಕ್ಕೆ ಕೇಳಲಿಲ್ಲ, ನನಗೆ ಬೇಕರಿಗೆ ಹೊತ್ತಾಗಿತ್ತು.

ಗಾರೆಯವನನ್ನು ಕರೆಸೋಣ ಅಂದೆ. "ಅವ್ನು ಕೈ ತೊಳೆಯಲ್ಲ," ಅಂದಳು. ಹಾಗಾಗಿ ಕಟ್ಟಿದವರು ನಾವೇ ಮೂವರು. ಅಣ್ಣ ಗೋಡೆಗಳ ಜೊತೆ ಆಯುಷ್ಯ ಕಳೆದವನು, ನೋಡದೆಯೂ ಗೋಡೆ ನೆಟ್ಟಗಿದೆಯೇ ಅಂತ ಅಂಗೈಯಲ್ಲಿ ಹೇಳುತ್ತಿದ್ದ. ದಾರದ ಒಂದು ತುದಿ ನಾನು ಹಿಡಿದರೆ ಇನ್ನೊಂದು ತುದಿ ಅವನು ಹಿಡಿದು ಮೀಟುತ್ತಿದ್ದ. ನಾನು ಸಿಮೆಂಟು ಕಲಸಿದೆ. ಅತ್ತಿಗೆ ಇಟ್ಟಿಗೆ ತೊಳೆದಳು. ಇಟ್ಟಿಗೆ ನೆನೆಸಬೇಕು ಸರಿ, ಬ್ರಷ್ ಹಾಕಿ ಉಜ್ಜಿ ಟವೆಲಿನ ಮೇಲೆ ಜೋಡಿಸಬೇಕು ಅಂತ ಯಾವ ಗಾರೆಯವನೂ ಹೇಳಿದ್ದು ನಾನು ಕೇಳಿಲ್ಲ.

ಗೋಡೆ ಮಂಡಿಯೆತ್ತರ ಬಂದಾಗ ಅತ್ತಿಗೆ "ಇನ್ನೊಂದು ವರಸೆ ಇಟ್ಟಿಗೆ ಹಾಕಿ" ಅಂದಳು. ಸಾಕು ಅಂತ ಅಣ್ಣ, ಬೇಕು ಅಂತ ಇವಳು. ಕೊನೆಗೆ ಇನ್ನೊಂದು ವರಸೆ ಏರಿತು, ಗೋಡೆಯ ಅಂಚಿನ ಮೇಲೆ ಅಗಲವಾದ ಚಪ್ಪಡಿ ಕೂತಿತು. ಆ ಚಪ್ಪಡಿಯ ಮೇಲೆ ಅಣ್ಣನನ್ನು ಕೂರಿಸಿ, ಕಾಲು ನೆಲಕ್ಕೆ ತಾಗುತ್ತದೆಯೇ, ಕೈ ಚಾಚಿದರೆ ಗಿಡ ಸಿಗುತ್ತದೆಯೇ ಅಂತ ನೋಡಿದಳು. ಅಣ್ಣನ ಅಳತೆಗೆ ತೊಟ್ಟಿ ಹೊಲಿಸಿದ್ದಾಳೆ ಅಂತ ನನಗೆ ಆಗ ಅರ್ಥವಾಯಿತು. ಮುಂದಿನ ಅಂಚನ್ನು ಮಾತ್ರ ಒಂದು ಬೆರಳು ತಗ್ಗಿಸಿದೆವು, ನೀರು ಅಲ್ಲಿಂದಲೇ ಇಳಿಯಬೇಕಲ್ಲ.

ಆಮೇಲೆ ಜಲ್ಲಿ ಬಂತು. ಜಲ್ಲಿಯನ್ನು ದೂಳು ಹೋಗುವವರೆಗೂ ತೊಳೆದು ಹಾಕಬೇಕು ಅಂತ ಮೀಸೆ ಹೇಳಿದ್ದ. ಆ ಮಾತು ಅವಳಿಗೆ ಪೂರ್ತಿ ಕೇಳಿಸಿತ್ತು ನೋಡಿ! ನಮ್ಮತ್ತಿಗೆ ಅಷ್ಟು ಸಂತೋಷವಾಗಿದ್ದುದನ್ನು ನಾನು ಅವಳ ನಿವೃತ್ತಿಯ ನಂತರ ನೋಡಿರಲಿಲ್ಲ. ಬಕೆಟ್ಟು ಬಕೆಟ್ಟು ಜಲ್ಲಿ ಸುರಿದುಕೊಂಡು, ಕುಕ್ಕರುಗಾಲಲ್ಲಿ ಕೂತು, ಗುನುಗಿಕೊಂಡು ತೊಳೆದಳು. ಕೊನೆಯ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ಅಡ್ಡ ಹಿಡಿದು ನೋಡಿ, ಒಪ್ಪಿಗೆಯಾಗದಿದ್ದರೆ ಮತ್ತೆ ತೊಳೆದಳು. ಗಿಡಗಳ ಬೇರಿನ ಮಣ್ಣನ್ನೂ ಒಂದೊಂದು ಎಳೆ ಬಿಡಿಸಿ ತೊಳೆದು, ಜೊಂಡು, ಕಾಬಾಳೆ ಹೂವಿನ ಗಿಡ, ಪುದೀನ ಎಲ್ಲವನ್ನೂ ಜಲ್ಲಿಯಲ್ಲಿ ನೆಟ್ಟಳು. ಕೂಸಿಗೆ ತಲೆಸ್ನಾನ ಮಾಡಿಸಿದಂತಿತ್ತು.

ಪಂಪಿನ ಗುಂಡಿ ಒತ್ತಿದ್ದು ಅಣ್ಣ. ಮೊದಲು ಏನೂ ಆಗಲಿಲ್ಲ. ತೊಟ್ಟಿಯ ಹೊಟ್ಟೆಯಲ್ಲಿ ಗೊರಗೊರ ಅಂತ ಸದ್ದಾಯಿತು, ಜಲ್ಲಿಯ ಮೇಲ್ಗಡೆ ಒದ್ದೆ ಕಲೆ ಮೂಡಿತು, ಕಲೆ ಹರಡಿ ನೀರಾಯಿತು. ತಗ್ಗಿನ ಅಂಚಿನಿಂದ ಕೊಳಕ್ಕೆ ನೀರು ಬಿದ್ದಾಗ ಅಣ್ಣ ಚಪ್ಪಾಳೆ ತಟ್ಟಿದ. ಅತ್ತಿಗೆ ಕೊಳ ನೋಡಿ "ಇನ್ನೂ ಹಸಿರೇ ಇದೆಯಲ್ಲ!" ಅಂದಳು. ಪಂಪು ಹಾಕಿ ಇನ್ನೂ ಚಹಾ ಆರುವಷ್ಟು ಹೊತ್ತಾಗಿರಲಿಲ್ಲ.

ಹಸಿರು ಇಳಿಯಲು ಸಾಕಷ್ಟು ದಿನ ಹಿಡಿಯಿತು. ಗಿಡಗಳು ಬೇರು ಬಿಟ್ಟು ಚಿಗುರಿದವು. ಒಂದು ದಿನ ಕೊಳದೊಳಗಿನ ಮೇಲಿನ ಮೆಟ್ಟಿಲು ಕಂಡಿತು, ಇನ್ನೊಂದು ದಿನ ತಳದ ಕಲ್ಲು. ಒಂದು ಬೆಳಿಗ್ಗೆ ಅಣ್ಣ ಹಿತ್ತಲಿನಿಂದಲೇ ಕೂಗಿದ. "ಲೇ, ಬಾರೇ ಇಲ್ಲಿ! ಬಾ ಅಂದ್ರೆ!"

ಅತ್ತಿಗೆ ಸೌಟು ಹಿಡಿದುಕೊಂಡೇ ಓಡಿದಳು, ಹಿಂದೆ ನಾನು. ಅಣ್ಣ ಚಪ್ಪಡಿಯ ಮೇಲೆ ಕೂತು, ತಲೆ ವಾರೆ ಮಾಡಿ, ಬೆರಳು ತೋರುತ್ತಿದ್ದ. ಅವನ ಬೆರಳಿನ ನೇರಕ್ಕೇ ಯಜಮಾನಿ ತೇಲಿಕೊಂಡು ಬಂದಳು. "ತೊಟ್ಟು ಕೆಂಪು ನೋಡು, ತೊಟ್ಟು ಕೆಂಪು! ಬಾಲದ ಹತ್ರ ಜಾಸ್ತಿ ಇದೆ," ಅಂದ. ಅತ್ತಿಗೆ ಮೀನನ್ನು ನೋಡಲೇ ಇಲ್ಲ. ಗಂಡನ ಬೆರಳನ್ನೇ ನೋಡುತ್ತಿದ್ದಳು. ಆಮೇಲೆ ಮುಖ ಆ ಕಡೆ ತಿರುಗಿಸಿ "ಹಾಲುಕ್ಕುತ್ತೆ" ಅಂತ ಒಳಗೆ ಹೋದಳು. ಒಲೆಯ ಮೇಲೆ ಹಾಲೇ ಇರಲಿಲ್ಲ.

ಇಷ್ಟಕ್ಕೇ ಬಿಟ್ಟಿದ್ದರೆ ಅವಳು ನಮ್ಮತ್ತಿಗೆ ಹೇಗಾದಾಳು? ದಿನ ಕಳೆದಂತೆ ಜಲ್ಲಿಯ ಮೇಲೆ ಕಂದು ಲೋಳೆ ಕಟ್ಟಿತು. ಬೆರಳು ತಾಗಿಸಿದರೆ ಜಾರುವಷ್ಟು ದಪ್ಪ. ಬಟ್ಟೆ ಒಣಹಾಕಲು ಹೋದಾಗಲೆಲ್ಲ ಅತ್ತಿಗೆ ಅದನ್ನು ಕಂಡು ಮುಖ ಕಿವುಚುತ್ತಿದ್ದಳು. ಅವಳ ತಲೆಯಲ್ಲಿ ನೀರು ಸೋಸುವುದು ಗಿಡ, ಲೋಳೆ ಅನ್ನುವುದು ಗಿಡಕ್ಕೆ ಹತ್ತಿದ ರೋಗ. ಒಂದು ಮಧ್ಯಾಹ್ನ, ನಾನು ಬೇಕರಿಯಲ್ಲಿ, ಅಣ್ಣ ನಿದ್ದೆಯಲ್ಲಿ. ಅವಳು ಪಂಪು ನಿಲ್ಲಿಸಿ, ಗಿಡಗಳನ್ನೆಲ್ಲ ಕಿತ್ತು ಬದಿಗಿಟ್ಟು, ಜಲ್ಲಿಯನ್ನು ಬಕೆಟ್ಟಿಗೆ ತುಂಬಿ, ಕುದಿಯುವ ನೀರು ಹುಯ್ದು ಉಜ್ಜಿದಳು. ಕಲ್ಲುಗಳು ಮುತ್ತಿನ ಹಾಗೆ ಹೊಳೆಯತೊಡಗಿದ ಮೇಲೆ ಎಲ್ಲವನ್ನೂ ಮೊದಲಿನಂತೆ ಜೋಡಿಸಿದಳು. ನಾನು ಬಂದಾಗ ಅವಳ ಮುಖದಲ್ಲಿ ಎಂಥದೋ ಕಳೆ ಇತ್ತು. ಕಾರಣ ಕೇಳಬೇಕಿತ್ತು, ಹಸಿವಿನಲ್ಲಿ ಕೇಳಲಿಲ್ಲ.

ಅದಾದ ಕೆಲವು ದಿನಕ್ಕೆ ಅಣ್ಣ ಗೋಡೆ ಹಿಡಿದು ನಡೆಯತೊಡಗಿದ. ಬೆಳಿಗ್ಗೆ ಹಿತ್ತಲಿಗೆ ಹೋಗುತ್ತಿದ್ದ, ಬರುತ್ತಿದ್ದ, "ಕಂಡ್ಳು" ಅನ್ನುತ್ತಿದ್ದ. ದನಿಯಲ್ಲಿ ಮಾತ್ರ ಸತ್ವವಿಲ್ಲ. ಒಂದು ಸಂಜೆ ನನ್ನನ್ನು ಕರೆದು, ಹಳೆಯ ಪೇಪರಿನಲ್ಲಿ ಸುತ್ತಿದ ತನ್ನ ಕುಂಚಗಳನ್ನೆಲ್ಲ ಕೈಗಿಟ್ಟ. "ಯಾರಾದ್ರೂ ಬರೆಯೋರಿಗೆ ಕೊಟ್ಬಿಡು."

"ಯಾಕೋ ಅಣ್ಣ?"

"ನಿಮ್ಮ ಅತ್ತಿಗೆಗೆ ಹೇಳ್ಬೇಡ. ಯಜಮಾನಿ ಕಾಣ್ತಿಲ್ಲ ಕಣೇ. ಅವ್ಳು ಅಷ್ಟು ಕಷ್ಟಪಟ್ಟು ನೀರು ತಿಳಿ ಮಾಡಿಕೊಟ್ಟಿದಾಳೆ. ಈಗ್ಲೂ ಕಾಣ್ತಿಲ್ಲ ಅಂದ್ರೆ ಇನ್ನೇನಿದೆ, ಕಣ್ಣೇ ಹೋಗಿದ್ದು. ಕಂಡ್ಳು ಅಂತ ಸುಳ್ಳು ಹೇಳ್ತಾ ಇದೀನಿ."

 ಆ ವಾರವಿಡೀ ಬೇಕರಿಯಲ್ಲಿ ಎರಡು ಪಾಳಿ ಮಾಡಿ ನಾನು ಹಿತ್ತಲಿಗೆ ಕಾಲಿಟ್ಟಿರಲಿಲ್ಲ. ಹೋಗಿ ನೋಡುತ್ತೇನೆ, ಕೊಳ ಮತ್ತೆ ಬಟಾಣಿ ಗಂಜಿ! ತೊಟ್ಟಿಯ ಕಡೆ ತಿರುಗಿದರೆ ಜಲ್ಲಿ ಫಳಫಳ ಹೊಳೆಯುತ್ತಿದೆ. ನನಗೆ ಎಲ್ಲಿತ್ತೋ ಸಿಟ್ಟು, ಇಡೀ ಬೀದಿಗೆ ಕೇಳಿಸುವ ಹಾಗೆ ಕಿರುಚಿದೆ.

"ಅತ್ತಿಗೇ! ಇದನ್ನ ತೊಳೆದ್ಯಾ ನೀನು?"

ಅವಳು ಬಾಗಿಲಿಗೆ ಬಂದಳು. "ಲೋಳೆ ಕಟ್ಟಿತ್ತು," ಅಂದಳು, ಶಾಲೆಯ ಹುಡುಗಿಯಂತೆ. "ನೀರು ಯಾಕೋ ಸ್ವಲ್ಪ ಮಂಕಾಗಿದೆ. ಆದ್ರೂ ಅವರು ಕಂಡ್ಳು ಅಂತಿದ್ರಲ್ಲ, ಅದಕ್ಕೆ ನಾನು..."

"ಅವ್ನು ಸುಳ್ಳು ಹೇಳ್ತಿದ್ದ! ಕಣ್ಣೇ ಹೋಯ್ತು ಅಂದ್ಕೊಂಡು ಕುಂಚ ಕಟ್ಟಿ ಇಟ್ಟಿದಾನೆ, ನೋಡು!"

 ಅಷ್ಟರಲ್ಲಿ ಅಣ್ಣ ಗೋಡೆ ತಡವಿಕೊಂಡು ಅವಳ ಬೆನ್ನ ಹಿಂದೆ ಬಂದು ನಿಂತಿದ್ದ. "ಏನಂದೆ? ನೀರು ಹಸಿರಾಗಿದ್ಯಾ?"

"ಕೊಚ್ಚೆ ಆಗಿದೆ ಕಣೋ! ನಂಗೂ ಏನೂ ಕಾಣ್ತಿಲ್ಲ!"

"ನಿಂಗೂ ಕಾಣ್ತಿಲ್ವಾ? ಆಣೆಗೂ?" ಅಂದವನೇ ನಗಲು ಶುರು ಮಾಡಿದ. ಹೊಸ್ತಿಲ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವವರೆಗೂ ನಕ್ಕ. "ಬರೀ ನೀರಾ! ಇಷ್ಟು ದಿನ ಕುರುಡ ಆದೆ ಅಂತ ಕೂತಿದ್ನಲ್ಲೇ, ಬರೀ ನೀರಾ!" ಅತ್ತಿಗೆ ಅವನ ಪಕ್ಕದಲ್ಲೇ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. "ನಾನೇ ನಿಮ್ಮನ್ನ ಹೆದರಿಸಿಬಿಟ್ನಲ್ಲ," ಅನ್ನುತ್ತಿದ್ದಳು. ಅವನು ನಗುತ್ತಲೇ ಅವಳ ಬೆನ್ನು ಸವರಿದ. ನಾನು ಅಲ್ಲಿ ನಿಂತು ಏನು ಮಾಡಲಿ, ಕುಂಚಗಳನ್ನು ಬಿಚ್ಚಿ ಡಬ್ಬಿಯಲ್ಲಿಟ್ಟೆ.

ಮಾರನೆಯ ದಿನ ಅಂಗಡಿಗೆ ಹೋಗಿ ಹೇಳಿದರೆ ಮೀಸೆ ತಲೆ ತಲೆ ಚಚ್ಚಿಕೊಂಡ. "ಆ ಲೋಳೆನೇ ಅಮ್ಮ ನಿಮ್ಮ ಕೆಲಸದೋರು! ಅದರಲ್ಲಿರೋ ಕಣ್ಣಿಗೆ ಕಾಣದ ಜೀವಗಳು ಕೊಳೆನ ಒಡೆದು ಗಿಡಕ್ಕೆ ಉಣಿಸೋದು. ಅಷ್ಟನ್ನೂ ಬೇಯಿಸಿ ಹಾಕಿದೀರಲ್ಲ! ಒಣಗಿದ ಎಲೆ ಕತ್ತರಿಸಿ, ಬೇಕಾದ್ರೆ ಪಂಪು ಒರೆಸಿ, ಜಲ್ಲಿ ಮುಟ್ಟಬೇಡಿ." ಅತ್ತಿಗೆ ಈ ಸಲ ಮೂಗಿಗೆ ಸೆರಗು ಹಿಡಿಯದೆ ಕೊನೆಯವರೆಗೂ ಕೇಳಿಸಿಕೊಂಡಳು.  ಮನೆಯ ಗೇಟಿನ ಹತ್ತಿರ "ಬದುಕಿರೋ ಕೊಳೆ," ಅಂದಳು, ತನಗೆ ತಾನೇ, ಹೊಸ ಮಾತೊಂದನ್ನು ಬಾಯಿಪಾಠ ಮಾಡುವವಳಂತೆ.

ಮುಟ್ಟದೆ ಇರುವುದು ಅವಳಿಗೆ ಎಷ್ಟು ಕಷ್ಟವಾಯಿತು ಅನ್ನುವುದನ್ನು ಮನೆಯ ಮಿಕ್ಕ ವಸ್ತುಗಳನ್ನು ಕೇಳಬೇಕು. ಲೋಳೆ ಬೆಳೆದಷ್ಟೂ ಅವಳು ಒಳಗಿನದನ್ನೆಲ್ಲ ಉಜ್ಜಿದಳು. ನನ್ನ ಕೋಣೆಯ ಸ್ವಿಚ್ಚುಗಳು, ಮೆಟ್ಟಿಲ ಕಂಬಿ, ಕಡೆಗೆ ಬೇಕರಿಯಿಂದ ನಾನು ತಂದ ಬ್ರೆಡ್ಡಿನ ಪೊಟ್ಟಣದ ಹೊರಮೈ. ಜಲ್ಲಿಯ ಹತ್ತಿರ ಹೋದಾಗ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದಳು. ನಾನು ರೇಗಿಸದೆ ಬಿಡುತ್ತೇನೆಯೇ? "ಅತ್ತಿಗೆ, ಸ್ವಲ್ಪ ಬ್ರಷ್ ತಂದ್ಕೊಡ್ಲಾ?" ಅಂದರೆ "ಹೋಗೇ ಆ ಕಡೆ" ಅಂತ ಸೌಟು ಎತ್ತುತ್ತಿದ್ದಳು. ಆದರೆ ಮುಟ್ಟಲಿಲ್ಲ. ಒಂದು ಸಲವೂ ಮುಟ್ಟಲಿಲ್ಲ.

ನೀರು ಮತ್ತೆ ತಿಳಿಯಾಯಿತು, ಯಜಮಾನಿ ಮತ್ತೆ ಕಂಡಳು. ಆಮೇಲೆ ಬಂದದ್ದು ನಮ್ಮ ಮನೆಯ ಒಳ್ಳೆಯ ದಿನಗಳು ಅಂತ ಧಾರಾಳವಾಗಿ ಹೇಳುತ್ತೇನೆ. ಸಂಜೆ ಅಣ್ಣ ಚಪ್ಪಡಿಯ ಮೇಲೆ ಕೂತರೆ, ಮೊದಲು ಕುರ್ಚಿ ತಂದು ದೂರದಲ್ಲಿ ಕೂರುತ್ತಿದ್ದ ಅತ್ತಿಗೆ ದಿನ ದಿನಕ್ಕೆ ಕುರ್ಚಿ ಹತ್ತಿರ ಎಳೆದುಕೊಂಡು, ಕೊನೆಗೆ ಕುರ್ಚಿ ಬಿಟ್ಟು ಚಪ್ಪಡಿಯ ಮೇಲೇ ಕೂತಳು. ಹಳದಿಯಾದ ಎಲೆ ಕತ್ತರಿಸಲು ಆಸ್ಪತ್ರೆಯ ಅಭ್ಯಾಸದಂತೆ ಕತ್ತರಿಯನ್ನು ಕುದಿಸಿ ತರುತ್ತಿದ್ದಳು. ಅಣ್ಣ ಆಕಾಶದ ಬಣ್ಣ ಕೇಳುತ್ತಿದ್ದ, ಅವಳು "ನೀಲಿ" ಅನ್ನುತ್ತಿದ್ದಳು. "ಯಾವ ನೀಲಿ?" ಅಂದರೆ ತಡವರಿಸುತ್ತಿದ್ದಳು. "ಆಸ್ಪತ್ರೆ ಪರದೆ ಇರುತ್ತಲ್ಲ, ಎಷ್ಟೋ ಸಲ ಒಗೆದದ್ದು, ಆ ನೀಲಿ." ಅಣ್ಣ ಖುಷಿಯಿಂದ ತಲೆಯಾಡಿಸುತ್ತಿದ್ದ. ಗಂಡ ಹೆಂಡತಿ ಅಷ್ಟು ಮಾತಾಡಿದ್ದನ್ನು ನಾನು ಅವರ ಮದುವೆಯಾದಾಗಿನಿಂದ ಕೇಳಿರಲಿಲ್ಲ. ನನಗೆ ಹೊಟ್ಟೆಕಿಚ್ಚೂ ಆಗುತ್ತಿತ್ತು, ಸುಳ್ಳೇಕೆ ಹೇಳಲಿ.

ಚಳಿ ಶುರುವಾಯಿತು. ಚಳಿಗೆ ನೀರು ಇನ್ನೂ ತಿಳಿಯಾಗುತ್ತದಂತೆ, ಮೀಸೆ ಹೇಳಿದ್ದ. ನನಗೆ ರಜೆಯಿದ್ದ ಒಂದು ಬೆಳಿಗ್ಗೆ ಹಿತ್ತಲ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದೆ. ಬಿಸಿಲು ಕೊಳದ ತಳದವರೆಗೂ ಇಳಿದಿತ್ತು. ತಳದಲ್ಲಿ ಬಿದ್ದ ಎಲೆಯ ನರಗಳನ್ನೂ ಎಣಿಸಬಹುದು, ಅಷ್ಟು ತಿಳಿ. ಯಜಮಾನಿ ಅಣ್ಣನ ಕಾಲ ಬುಡದಲ್ಲೇ, ಮೇಲುನೀರಿನಲ್ಲಿ, ಬಾಯಿ ತೆರೆದು ಮುಚ್ಚಿ ಮಾಡುತ್ತ ನಿಂತಿದ್ದಳು. ಅತ್ತಿಗೆ ಒಣಗಿದ ಜೊಂಡು ಕತ್ತರಿಸುತ್ತಿದ್ದಳು. ಅಣ್ಣ ಚಪ್ಪಡಿಯ ಮೇಲೆ ಕೂತು ತಲೆಯನ್ನು ಎಡಕ್ಕೆ ವಾಲಿಸಿದ. ಬಲಕ್ಕೆ ವಾಲಿಸಿದ. ಮತ್ತೆ ಎಡಕ್ಕೆ.

"ಲೇ, ನೀರು ಮತ್ತೆ ಹಸಿರಾಗಿದ್ಯಾ?" ಅಂದ.

ಕತ್ತರಿ ನಿಂತಿತು. ಅತ್ತಿಗೆ ಕೊಳ ನೋಡಿದಳು, ಮೀನು ನೋಡಿದಳು, ನನ್ನ ಕಡೆ ನೋಡಿದಳು. ನಾನು ಚಹಾದ ಲೋಟವನ್ನು ಬಾಯಿಗೆ ಒತ್ತಿಕೊಂಡೆ.

"ಹೂಂ ಕಣ್ರೀ," ಅಂದಳು. "ಮೊನ್ನೆ ತಡೆಯಕ್ಕಾಗ್ಲಿಲ್ಲ. ಜಲ್ಲಿ ತೊಳೆದ್ಬಿ​ಟ್ಟೆ."

ಅಣ್ಣ ಪಕ್ಕಕ್ಕೆ ಕೈ ಚಾಚಿ, ಕಾಬಾಳೆಯ ಬುಡದಲ್ಲಿ ಜಲ್ಲಿಯೊಳಗೆ ಬೆರಳು ಇಳಿಸಿದ. ಸ್ವಲ್ಪ ಹೊತ್ತು ಕೈಯನ್ನು ಅಲ್ಲೇ ಇಟ್ಟುಕೊಂಡಿದ್ದ. ಹೊರಗೆ ತೆಗೆದಾಗ ಬೆರಳುಗಳಿಗೆ ಕಂದು ಲೋಳೆ ದಪ್ಪಗೆ ಮೆತ್ತಿಕೊಂಡಿತ್ತು. ಹೆಬ್ಬೆರಳಿನಿಂದ ಅದನ್ನು ನಿಧಾನವಾಗಿ ತಿಕ್ಕಿ ನೋಡಿದ. ಆಮೇಲೆ ಅತ್ತಿಗೆಗೆ ಕಾಣದ ಹಾಗೆ ಪಂಚೆಗೆ ಒರೆಸಿಕೊಂಡ.

"ಎಷ್ಟು ಸಲ ಹೇಳೋದು ನಿಂಗೆ, ತೊಳೀಬೇಡ ಅಂತ?" ಅಂದ.

"ತಪ್ಪಾಯ್ತು," ಅಂದಳು ಅತ್ತಿಗೆ.